ಸೋತ ಮೀನು ಎಲ್ಲಿಗೆ ಹೋಗಬೇಕು?

ಬೆಳಗಾವಿಯಲ್ಲಿ ಸಮುದ್ರದ ಮೀನು ಸಾಕುವವರು ಜಾಸ್ತಿ ಇಲ್ಲ. ಇರುವವರಲ್ಲಿ ಒಬ್ಬರ ನಂಬರ್ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತದೆ. ಸಂಜೆ ಹೊತ್ತು ಫೋನ್ ಬಂದರೆ ವಿಷಯ ಏನಂತ ಎತ್ತುವ ಮುಂಚೆಯೇ ಅಂದಾಜು ಸಿಗುತ್ತದೆ. "ಹೊಸಾ ಮೀನು ಬಿಟ್ಟೀನ್ರಿ, ಹಳೇದು ಒಂದ ಸವನ ಬೆನ್ನ ಹತ್ತೇತಿ. ಏನ್ ಮಾಡ್ಲಿ?"

ನಾನು ಮೊದಲು ಹಳೆ ಮೀನಿನ ಬಗ್ಗೆ ಕೇಳುತ್ತೇನೆ. ಯಾವ ಮೀನು, ಎಷ್ಟು ಕಾಲದಿಂದ ಅಲ್ಲಿದೆ, ರಾತ್ರಿ ಯಾವ ಕಲ್ಲಿನ ಸಂದಿಯಲ್ಲಿ ಮಲಗುತ್ತದೆ, ಊಟ ಎಲ್ಲಿ ಬೀಳುತ್ತದೆ. ಹೊಸ ಮೀನಿನ ಆರೋಗ್ಯ, ಬಣ್ಣ, ಬೆಲೆ ಎಲ್ಲ ಆಮೇಲೆ. ಜಗಳ ಹುಟ್ಟುವುದು ಹಳೆ ಮೀನಿನ ಲೆಕ್ಕದಲ್ಲಿ. ಅಲ್ಲಿ ಮನೆ ಅದರದ್ದು.

ಇಂಥ ಮೀನುಗಳನ್ನು ಕೆಲವರು ದುಷ್ಟ ಅಂತಾರೆ, ಗೂಂಡಾ ಅಂತಾರೆ. ನನಗೆ ಆ ಮಾತು ಕೇಳಿದರೆ ಬೇಜಾರಾಗುತ್ತದೆ. ಹವಳದ ದಿಬ್ಬದ ಮೇಲೆ ಡ್ಯಾಮ್ಸೆಲ್ ಅನ್ನುವ ಪುಟ್ಟ ಮೀನು ಬೆರಳುದ್ದದ್ದೇ ಇರಬಹುದು. ಆದರೂ ತನ್ನ ಪಾಚಿಯ ಜಾಗಕ್ಕೆ ಬಂದರೆ ಮುಳುಗುಗಾರನ ಕೈಯನ್ನೂ ಬಿಡುವುದಿಲ್ಲ. ಅಲ್ಲಿ ಇಡೀ ದಿನ ಇಂಥ ಓಟ ನಡೆಯುತ್ತಲೇ ಇರುತ್ತದೆ. ಆದರೆ ಬಹಳಷ್ಟು ಓಟಗಳು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತವೆ. ಗಡಿ ದಾಟಿದ ಕೂಡಲೇ ಹಿಂದೆ ಬಂದವನು ತಿರುಗಿ ಹೋಗುತ್ತಾನೆ. ಸೋತವನಿಗೆ ಮುಂದೆ ಇನ್ನೊಂದು ಕಲ್ಲಿದೆ, ಅದರಾಚೆ ಇನ್ನೊಂದು, ಅದರಾಚೆ ಸಮುದ್ರ.

ನನ್ನ ಟ್ಯಾಂಕ್ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಕಲ್ಲು, ಮರಳು ಕಳೆದರೆ 550 ಲೀಟರ್ ಹತ್ತಿರ ನೀರು. ನೋಡಿದವರು ಇಷ್ಟು ದೊಡ್ಡದಾ ಅಂತಾರೆ. ಬೆನ್ನಟ್ಟಿಸಿಕೊಂಡ ಮೀನಿಗೆ ಇದು ಏನೂ ಅಲ್ಲ. ಒಂದು ಗಾಜಿನಿಂದ ಓಡಿ ಇನ್ನೊಂದು ಗಾಜು ಮುಟ್ಟುತ್ತದೆ, ಬೇರೆ ದಾರಿ ಇಲ್ಲದೆ ತಿರುಗಿ ಬರುತ್ತದೆ. ಅದು ತಪ್ಪಿಸಿಕೊಳ್ಳಲು ಹೊರಟಿದ್ದು. ಆದರೆ ಹಳೆ ಮೀನಿಗೆ ಕಾಣುವುದು, ಓಡಿಸಿದರೂ ಮತ್ತೆ ತನ್ನ ಮೇಲೆಯೇ ಬರುತ್ತಿರುವ ಎದುರಾಳಿ. ಹಾಗಾಗಿ ಮತ್ತೆ ಹೊಡೆಯುತ್ತದೆ. ಸಮುದ್ರದಲ್ಲಿ ಅರೆ ನಿಮಿಷದಲ್ಲಿ ಮುಗಿಯುವ ಜಗಳ ಇಲ್ಲಿ ಬೆಳಗಾಗುವವರೆಗೂ ಮುಗಿಯುವುದಿಲ್ಲ. ಇದನ್ನು ಸರಿಯಾಗಿ ನೋಡಿದ ಮೇಲೆ ಹಳೆ ಮೀನಿನ ಮೇಲೆ ಸಿಟ್ಟು ಬರುವುದಿಲ್ಲ. ಸೋತವನಿಗೆ ಹೋಗಲು ಜಾಗ ಇಲ್ಲದಂತೆ ಮಾಡಿದ್ದು ಗಾಜು ಕೂಡಿಸಿದ ನಾವು. ಹೊಸ ಮೀನು ಸೇರಿಸುವಾಗ ನಾವು ಮಾಡುವ ಅಷ್ಟೂ ಕೆಲಸ ಆ ಇಲ್ಲದ ದಾರಿಯ ಬದಲಿಗೆ ಏನಾದರೂ ಕೊಡುವ ಪ್ರಯತ್ನ.

ನಮ್ಮಲ್ಲಿ ಇರುವವರು ಯಾರು ಅಂತ ಹೇಳುತ್ತೇನೆ. ಒಂದು ಸೇಲ್‌ಫಿನ್ ಟ್ಯಾಂಗ್, ಹಿಂದೂ ಮಹಾಸಾಗರದ್ದು. ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಹರಿತ ಮುಳ್ಳು, ಜಗಳದಲ್ಲಿ ಬಾಲ ಬೀಸಿದರೆ ಎದುರಿನವನ ಮೈ ಸೀಳುತ್ತದೆ. ಈ ಕುಲಕ್ಕೆ ಸರ್ಜನ್ ಮೀನು ಅನ್ನುವ ಹೆಸರು ಬಂದಿದ್ದೇ ಆ ಮುಳ್ಳಿನಿಂದ. ಒಂದು ಪಿಕಾಸೊ ಟ್ರಿಗರ್. ರಾತ್ರಿ ಕಲ್ಲಿನ ತೂತಿನಲ್ಲಿ ನುಗ್ಗಿ, ಬೆನ್ನಿನ ಮೊದಲ ಮುಳ್ಳನ್ನು ಎತ್ತಿ, ಎರಡನೆಯದರಿಂದ ಅದಕ್ಕೆ ಚಿಲಕ ಹಾಕಿ ಮಲಗುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ಸಿಟ್ಟು ಬಂದಾಗ ಗುರ್ ಅನ್ನುವ ಸದ್ದು ಗಾಜಿನ ಈಚೆಗೂ ಕೇಳುತ್ತದೆ. ಒಂದು ಮರೂನ್ ಕ್ಲೌನ್, ಹೆಣ್ಣು. ಗಾಜು ಒರೆಸಲು ಕೈ ಹಾಕಿದರೆ ಕಚ್ಚುತ್ತಾಳೆ. ಕೊನೆಗೆ ಒಂದು ಡಾಮಿನೊ ಡ್ಯಾಮ್ಸೆಲ್. ಮರಿಯಾಗಿದ್ದಾಗ ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆ ಎದ್ದು ಕಾಣುತ್ತಿದ್ದವು. ಬೆಳೆದ ಮೇಲೆ ಚುಕ್ಕೆ ಮಾಸಿವೆ, ಹಟ ಮಾಸಿಲ್ಲ.

ಹವಳ ಇಲ್ಲ. ಬಂದವರು ಕೇಳುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಹವಳ, ಸಮುದ್ರಕುದುರೆ ಎರಡೂ 2001ರಲ್ಲಿ ಸೇರಿದವು. ಅವಕ್ಕೆ ಕಾನೂನಿನ ರಕ್ಷಣೆ ಇದೆ. ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಅಂದರೂ ತೆಗೆದುಕೊಳ್ಳಬೇಡಿ. ಸೆರಾಮಿಕ್ ಮತ್ತು ಸಿಮೆಂಟಿನಿಂದ ಮಾಡಿದ ಕಲ್ಲುಗಳೇ ಸಾಕು. ಅವುಗಳಲ್ಲಿ ನಮಗೆ ಬೇಕಾದ ಗುಹೆ, ಬೇಕಾದ ಸಂದಿ ಮಾಡಿಕೊಳ್ಳಬಹುದು. ಇಂಥ ಟ್ಯಾಂಕಿಗೆ ಅದೇ ಮುಖ್ಯ.

ಇನ್ನೊಂದು ಪ್ರಶ್ನೆ, ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿಂದಲೇ ಸಮುದ್ರದ ನೀರು ತಂದು ಸುರಿಯಬಾರದಾ? ಬೇಡ. ದಡದ ನೀರಿನಲ್ಲಿ ಕೆಸರು, ಎಣ್ಣೆ ಎಲ್ಲ ಇರುತ್ತದೆ. ಮಳೆಗಾಲದಲ್ಲಂತೂ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿಯೇ ಮಾಂಡೋವಿಯಾಗಿ ಪಣಜಿಯಲ್ಲಿ ಸಮುದ್ರ ಸೇರಿ ಅಲ್ಲಿನ ಉಪ್ಪನ್ನು ತೆಳು ಮಾಡುತ್ತಾಳೆ. ಮನೆಯ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಹಾಕಿ, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬರುವವರೆಗೆ ನೋಡಿಕೊಂಡರೆ ಆಯಿತು.

ಈಗ ಮೀನಿನ ಆಯ್ಕೆ. ಇಲ್ಲಿಯೇ ಅರ್ಧ ಜಗಳ ನಿರ್ಧಾರವಾಗುತ್ತದೆ. ಪ್ರಾಣಿಗಳ ನಡವಳಿಕೆ ಕುರಿತ ಕೆಲಸಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಕಾನ್ರಾಡ್ ಲೊರೆನ್ಜ್, ಹವಳದ ಮೀನುಗಳು ಬೇರೆ ಜಾತಿಗಿಂತ ತಮ್ಮದೇ ಜಾತಿಯವರ ಮೇಲೆ ಹೆಚ್ಚು ಬೀಳುತ್ತವೆ ಅನ್ನುವುದನ್ನು ಗಮನಿಸಿದ್ದರು. ಅದೇ ನೊಬೆಲ್ ಹಂಚಿಕೊಂಡ ನಿಕೊ ಟಿನ್‌ಬರ್ಗೆನ್ ಸ್ಟಿಕಲ್‌ಬ್ಯಾಕ್ ಅನ್ನುವ ಪುಟ್ಟ ಮೀನು ಸಾಕಿದ್ದರು. ಅದರ ಗಂಡಿಗೆ ಬೆದೆಗಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ. ಕಿಟಕಿಯಾಚೆ ಕೆಂಪು ಅಂಚೆ ವ್ಯಾನ್ ಹಾದುಹೋದರೆ ಆ ಗಂಡುಗಳು ಅದರತ್ತ ನುಗ್ಗುತ್ತಿದ್ದವು ಅಂತ ಅವರು ಬರೆದಿದ್ದಾರೆ. ಅಂದರೆ ಮೀನು ಜಗಳ ಆಡುವುದು ಬಣ್ಣ, ಆಕಾರ ನೋಡಿ. ತನ್ನ ಹಾಗೆ ಕಾಣುವವನು ತನ್ನ ಊಟ, ತನ್ನ ಸಂದಿ, ತನ್ನ ಜೋಡಿ ಕೇಳಲು ಬಂದವನು. ಟ್ಯಾಂಗ್ ಇರುವಲ್ಲಿ ಇನ್ನೊಂದು ಟ್ಯಾಂಗ್ ತಂದರೆ ಕಷ್ಟ. ಮರೂನ್ ಕ್ಲೌನ್ ಇರುವಲ್ಲಿ ಇನ್ನೊಂದು ಕ್ಲೌನ್ ತಂದರೆ ಇನ್ನೂ ಕಷ್ಟ.

ಅದಕ್ಕೇ ನಾನು ಫಾಕ್ಸ್‌ಫೇಸ್ ಆರಿಸಿಕೊಂಡೆ. ಹಳದಿ ಮೈ, ಕಪ್ಪು ಬಿಳುಪು ಮುಖ, ಮುಂದಕ್ಕೆ ಚಾಚಿದ ಮೂತಿ. ನಮ್ಮ ಟ್ಯಾಂಕಿನಲ್ಲಿ ಈ ಬಣ್ಣ, ಈ ಆಕಾರ ಯಾರಿಗೂ ಇಲ್ಲ. ಸಾಧು ಮೀನು, ಪಾಚಿ ತಿಂದುಕೊಂಡು ಇರುತ್ತದೆ. ಆದರೆ ಬೆನ್ನಿನ ಮುಳ್ಳುಗಳಲ್ಲಿ ವಿಷ ಇದೆ. ನಮಗೆ ಚುಚ್ಚಿದರೂ ಬಹಳ ನೋವು, ಆದ್ದರಿಂದ ಇದನ್ನು ಬಲೆಯಲ್ಲಿ ಹಿಡಿಯದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಬೇಕು. ಜಗಳಗಂಟರ ನಡುವೆ ಇರಲು ಇಂಥ ಮೀನೇ ಸರಿ. ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ, ಅದನ್ನು ಕೆಣಕಲು ಬೇರೆಯವರೂ ಹಿಂಜರಿಯುತ್ತಾರೆ.

ಇಷ್ಟಿದ್ದರೂ ಸೇಲ್‌ಫಿನ್ ಟ್ಯಾಂಗಿಗೂ ಇದಕ್ಕೂ ಊಟ ಒಂದೇ. ಪಾಚಿಯ ವಿಷಯದಲ್ಲಿ ತಕರಾರು ಬರುವುದು ಖಚಿತವಿತ್ತು.

ಮೀನು ಬಂದಿದ್ದು ಮುಂಬೈನಿಂದ, ರಾತ್ರಿ ಬಸ್ಸಿನಲ್ಲಿ. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಪ್ರೀತಿಯಿಂದಲೇ ಮೀನು ಕೊಲ್ಲುವವರನ್ನು ನೋಡಿದ್ದೇನೆ. ಕಟ್ಟಿದ ಚೀಲದೊಳಗೆ ಮೀನು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ, ನೀರಿನ ಪಿಎಚ್ ಇಳಿಯುತ್ತದೆ. ಅದೇ ಹೊತ್ತಿಗೆ ಅಮೋನಿಯಾನೂ ಸೇರಿರುತ್ತದೆ. ಪಿಎಚ್ ಕೆಳಗಿರುವಷ್ಟು ಹೊತ್ತು ಆ ಅಮೋನಿಯಾ ಅಷ್ಟು ಕೆಡುಕು ಮಾಡುವುದಿಲ್ಲ. ಚೀಲ ಬಿಚ್ಚಿ ಗಾಳಿ ಆಡಿದರೆ ಸಾಕು, ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ಅದೇ ನೀರಿನಲ್ಲಿ ಮೀನನ್ನು ಇಟ್ಟುಕೊಂಡು ಗಂಟೆಗಟ್ಟಲೆ ಹನಿ ಹನಿಯಾಗಿ ನೀರು ಸೇರಿಸುತ್ತಾ ಕೂರುವುದು ದೂರದಿಂದ ಬಂದ ಮೀನಿಗೆ ಒಳ್ಳೆಯದಲ್ಲ. ಕಟ್ಟಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು ಬಿಸಿ ಸರಿಹೊಂದಿಸಬೇಕು. ಚೀಲದ ನೀರಿನ ಉಪ್ಪು ಎಷ್ಟಿದೆಯೋ ಅಷ್ಟೇ ಉಪ್ಪಿನ ಕ್ವಾರಂಟೈನ್ ಟ್ಯಾಂಕ್ ಮೊದಲೇ ಸಿದ್ಧ ಇರಬೇಕು. ಚೀಲ ಬಿಚ್ಚಿದ ಕೂಡಲೇ ಮೀನು ಅಲ್ಲಿಗೆ. ಚೀಲದ ನೀರು ಮೋರಿಗೆ. ಆಮೇಲೆ ಉಪ್ಪನ್ನು ದಿನ ದಿನ ಸ್ವಲ್ಪ ಸ್ವಲ್ಪ ಏರಿಸಬಹುದು. ಮಾರುವವರಿಗೆ ಮುಂಚಿನ ದಿನವೇ ಫೋನ್ ಮಾಡಿ ಅವರ ನೀರಿನ ಅಳತೆ ಕೇಳಿಕೊಳ್ಳಿ, ಕೆಲವರು 1.020ರಲ್ಲೇ ಇಟ್ಟಿರುತ್ತಾರೆ.

ಕ್ವಾರಂಟೈನ್ ಟ್ಯಾಂಕಿನಲ್ಲಿ ಅಲಂಕಾರ ಏನೂ ಬೇಡ. ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ನಾಲ್ಕು ಪಿವಿಸಿ ಪೈಪಿನ ತುಂಡು. ನಮ್ಮ ಊರಿನ ಮಳೆಗಾಲದ ಥಂಡಿಯಲ್ಲಿ ಹೀಟರ್ ಇಲ್ಲದೆ ಆಗುವುದೇ ಇಲ್ಲ. ಬಿಳಿ ಚುಕ್ಕೆ ರೋಗ, ನಾವೆಲ್ಲ ಇಕ್ ಅನ್ನುವುದು, ಅದರ ಪರಾವಲಂಬಿ ಜೀವಿ ಮೀನಿನ ಮೈಮೇಲೆ ಇರುವುದು ಕೆಲವೇ ದಿನ. ಆಮೇಲೆ ಉದುರಿ ಕಲ್ಲು, ಮರಳಿಗೆ ಅಂಟಿಕೊಂಡು, ಅಲ್ಲಿ ಒಂದು ಹೋಗಿ ನೂರಾರು ಆಗಿ ಮತ್ತೆ ಮೀನು ಹುಡುಕಿ ಬರುತ್ತದೆ. ಚುಕ್ಕೆ ಮಾಯ ಆಯ್ತು ಅಂತ ಖುಷಿಪಡುವ ದಿನಗಳೇ ಅದು ಕೆಳಗೆ ಹೆಚ್ಚುತ್ತಿರುವ ದಿನಗಳು. ಅದಕ್ಕೇ ನಾಲ್ಕರಿಂದ ಆರು ವಾರ ಬೇರೆ ಇಡಬೇಕು ಅನ್ನುವುದು. ತಾಮ್ರದ ಔಷಧಿ ಹಾಕುವುದಿದ್ದರೂ ಇಲ್ಲಿಯೇ, ಅಳತೆ ಮಾಡುವ ಟೆಸ್ಟ್ ಕಿಟ್ ಪಕ್ಕದಲ್ಲಿ ಇಟ್ಟುಕೊಂಡು. ದೊಡ್ಡ ಟ್ಯಾಂಕಿಗೆ ಅದನ್ನು ಹಾಕಿದರೆ ಕಲ್ಲು ಹೀರಿಕೊಳ್ಳುತ್ತದೆ, ಬಸವನಹುಳು, ಸಿಗಡಿ ಬದುಕುವುದಿಲ್ಲ.

ಈ ಕಾಯುವಿಕೆಗೆ ರೋಗ ಒಂದೇ ಕಾರಣ ಅಲ್ಲ. ಬಸ್ಸಿನಲ್ಲಿ ಬಂದು ಸುಸ್ತಾದ, ಹಸಿದ ಮೀನನ್ನು ನೇರ ಜಗಳದ ಮನೆಗೆ ಬಿಟ್ಟರೆ ಅದಕ್ಕೆ ಓಡಲೂ ಶಕ್ತಿ ಇರುವುದಿಲ್ಲ. ಇಲ್ಲಿ ಅದು ಪೆಲೆಟ್ ತಿನ್ನಲು ಕಲಿಯುತ್ತದೆ, ಮೈ ತುಂಬಿಕೊಳ್ಳುತ್ತದೆ. ನೋರಿ, ಅಂದರೆ ಒಣಗಿಸಿದ ಸಮುದ್ರ ಪಾಚಿಯ ಹಾಳೆ, ಕ್ಲಿಪ್ಪಿಗೆ ಸಿಕ್ಕಿಸಿದರೆ ನನ್ನ ಕೈ ನೀರಿನಿಂದ ಹೊರಬರುವ ಮುಂಚೆಯೇ ಬಂದು ಹರಿಯುವಷ್ಟು ಧೈರ್ಯ ಬರುವವರೆಗೂ ನಾನು ಅದನ್ನು ಅಲ್ಲಿಂದ ಎತ್ತಲಿಲ್ಲ.

ಇಷ್ಟರ ನಡುವೆ ನಮ್ಮ ತಾಯಿ ಬೈಲಹೊಂಗಲದ ಕಡೆಯವರು, ಒಂದು ದಿನ ನೋಡಿ ಹೇಳಿದರು: "ಇದರಾಗ ಹೊಸಾದೇನೈತಿ? ಜಾತ್ರ್ಯಾಗ ಎತ್ತು ತಂದ್ರ ಅವತ್ತ ಹಳೇ ಎತ್ತಿನ ಗ್ವಾದ್ಲಿಗೆ ಕಟ್ತಾರೇನು? ಒಂದೀಟು ದೂರ ಕಟ್ಟಿ, ಒಂದನ್ನೊಂದು ನೋಡ್ಲಿ ಅಂತ ಬಿಡ್ತಾರ." ಅಷ್ಟೇ. ನಾನು ಎಷ್ಟೋ ಓದಿ, ಎಷ್ಟೋ ಜನರನ್ನು ಕೇಳಿ ತಿಳಿದುಕೊಂಡಿದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು.

ಆ ದೂರ ಕಟ್ಟುವ ಕೆಲಸಕ್ಕೇ ಆ್ಯಕ್ಲಿಮೇಶನ್ ಬಾಕ್ಸ್. ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಎಲ್ಲಾ ಕಡೆ ಸಣ್ಣ ತೂತು, ಮೇಲೆ ಮುಚ್ಚಳ, ಟ್ಯಾಂಕಿನ ಅಂಚಿಗೆ ನೇತುಹಾಕುವ ಕೊಕ್ಕೆ. ನಾನು ಊರಿನಲ್ಲೇ ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಹಾಳೆ ಕತ್ತರಿಸಿಕೊಂಡು, ಡ್ರಿಲ್ ಹೊಡೆಸಿ, ಅಂಟಿಸಿಕೊಂಡೆ. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ನೀರು ಬದಲಿಸುತ್ತಾ ಇರಬೇಕು. ತೂತಿನ ಅಂಚು ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಮೀನಿನ ಮೈ ತರಚುತ್ತದೆ. ಮುಚ್ಚಳ ಮರೆಯಬಾರದು, ಹೆದರಿದ ಮೀನು ಹಾರುತ್ತದೆ. ಬಾಕ್ಸನ್ನು ವೇವ್‌ಮೇಕರ್ ನೀರು ತಳ್ಳುವ ದಾರಿಯಲ್ಲಿ ತೂಗುಹಾಕಿದರೆ ಒಳಗೆ ಗಾಳಿಯಿರುವ ನೀರು ಆಡುತ್ತಿರುತ್ತದೆ. ಒಳಗೊಂದು ಪೈಪಿನ ತುಂಡು ಇಡಿ, ಎಲ್ಲರ ಕಣ್ಣಿಗೂ ಬಿದ್ದುಕೊಂಡೇ ಇರುವುದು ಯಾವ ಮೀನಿಗೂ ಹಿತ ಅಲ್ಲ.

ಫಾಕ್ಸ್‌ಫೇಸ್ ಬಾಕ್ಸಿಗೆ ಬಂದ ಹೊತ್ತು ನೋಡಬೇಕಿತ್ತು. ಕ್ವಾರಂಟೈನ್ ಟ್ಯಾಂಕಿನಲ್ಲಿ ನಿಂಬೆ ಹಳದಿ ಇದ್ದ ಮೀನು ಕಣ್ಣೆದುರೇ ಬಣ್ಣ ಬಿಟ್ಟಿತು. ಹಳದಿ ಹೋಗಿ ಕಂದು, ಕಂದಿನ ನಡುವೆ ಬೂದಿ ಬಿಳುಪಿನ ಮಚ್ಚೆ. ಬೆನ್ನಿನ ಮುಳ್ಳು ಅಷ್ಟೂ ಎದ್ದು ನಿಂತವು. ಈ ಜಾತಿ ಹೆದರಿದಾಗ ಹೀಗಾಗುತ್ತದೆ, ರಾತ್ರಿ ಮಲಗಿದಾಗಲೂ ಹೀಗೇ ಇರುತ್ತದೆ. ನಮಗೆ ಇದೊಂದು ದೊಡ್ಡ ಅನುಕೂಲ. ಬೇರೆ ಮೀನುಗಳ ಭಯವನ್ನು ನಾವು ಊಹಿಸಬೇಕು, ಇದರ ಭಯ ಮೈಮೇಲೆ ಬರೆದಿರುತ್ತದೆ.

ಸೇಲ್‌ಫಿನ್ ಬಂತು. ಬೆನ್ನಿನ ರೆಕ್ಕೆ, ಹೊಟ್ಟೆಯ ರೆಕ್ಕೆ ಎರಡನ್ನೂ ಪೂರ್ತಿ ಹರಡಿತು, ಮೀನಿನ ಎತ್ತರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಬಾಕ್ಸಿನ ಪಕ್ಕ ಅಡ್ಡ ನಿಂತು, ಬಾಲದ ಮುಳ್ಳು ಒಳಗಿನ ಮೀನಿನ ಕಡೆಗೆ ತಿರುಗುವ ಹಾಗೆ ಮೈ ಬಾಗಿಸಿ ನಡುಗಿಸಿತು. ಒಂದು ಬಾರಿ ಬಾಲದಿಂದ ಅಕ್ರಿಲಿಕ್ಕಿಗೆ ಹೊಡೆದ ಸದ್ದು ಸೋಫಾದಲ್ಲಿ ಕೂತವರಿಗೂ ಕೇಳಿಸಿತು. ಅದರ ಹಿಂದೆ ಡಾಮಿನೊ, ಟಕ್ ಟಕ್ ಅನ್ನುತ್ತಾ. ಟ್ರಿಗರ್ ಒಂದು ಸುತ್ತು ಹಾಕಿ, ಕಣ್ಣು ಹೊರಳಿಸಿ ನೋಡಿ, ತಿನ್ನಲು ಏನೂ ಇಲ್ಲ ಅಂತ ಹೋಯಿತು. ಕ್ಲೌನ್ ತನ್ನ ಮೂಲೆ ಬಿಟ್ಟು ಬರಲೇ ಇಲ್ಲ. ನಾನು ಡಾಮಿನೊಗೆ ಹೆದರಿಕೊಂಡಿದ್ದೆ, ನಿಜವಾದ ಎದುರಾಳಿ ಟ್ಯಾಂಗ್ ಅಂತ ಬಾಕ್ಸ್ ತೋರಿಸಿಕೊಟ್ಟಿತು. ಯಾರ ಮೈಗೂ ಗಾಯ ಆಗದೆ ಇಷ್ಟು ಗೊತ್ತಾಯಿತಲ್ಲ, ಬಾಕ್ಸಿನ ಬೆಲೆ ಅಲ್ಲಿಗೇ ತೀರಿತು.

ಬಾಕ್ಸ್ ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಮೂರು ದಿನ ಸಾಕು ಅನ್ನುವವರಿದ್ದಾರೆ, ವಾರ ಅನ್ನುವವರಿದ್ದಾರೆ. ಹಳೆ ಮೀನಿಗೆ ಬೇಜಾರು ಬರಬೇಕು. ಬಾಕ್ಸಿನ ಪಕ್ಕದಲ್ಲೇ ಹಾದುಹೋದರೂ ರೆಕ್ಕೆ ಎತ್ತದೆ ಇರಬೇಕು. ಒಳಗಿನ ಮೀನು ಎಲ್ಲರ ಎದುರಿಗೇ ಊಟ ಮಾಡಬೇಕು. ಇವೆರಡೂ ಆಗುವವರೆಗೂ ಅದು ಒಳಗೇ. ನಮ್ಮಲ್ಲಿ ಹಳದಿ ಬಣ್ಣ ತಿರುಗಿ ಬಂದು ಇಡೀ ದಿನ ನಿಂತ ಮೇಲೂ ನಾನು ಸ್ವಲ್ಪ ಕಾದೆ. ಈ ನಡುವೆ ಟ್ಯಾಂಗ್ ಬಾಕ್ಸಿಗೇ ಅಂಟಿಕೊಂಡಾಗ ಟ್ಯಾಂಕಿನ ಇನ್ನೊಂದು ತುದಿಗೆ ಹೊರಗಿನಿಂದ ಕನ್ನಡಿ ಇಡುತ್ತಿದ್ದೆ. ಅಲ್ಲಿ ಕಾಣುವ ಟ್ಯಾಂಗ್ ಜೊತೆ ಹೊಡೆದಾಡಿ ಅದರ ಸಿಟ್ಟು ಹಂಚಿಹೋಗುತ್ತಿತ್ತು. ಇದನ್ನು ಸ್ವಲ್ಪ ಹೊತ್ತು ಮಾತ್ರ ಮಾಡಬೇಕು. ಗೆಲ್ಲಲಾಗದ ಎದುರಾಳಿಯನ್ನು ದಿನವಿಡೀ ಎದುರಿಗೆ ಇಡುವುದು ಆ ಮೀನಿಗೆ ಹಿಂಸೆ.

ಬಿಡುವ ದಿನದ ಕೆಲಸಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಕಲ್ಲು ಕದಲಿಸುವುದರ ಮೇಲೆ. ಗಡಿ ಅನ್ನುವುದು ಹಳೆ ಮೀನಿನ ನೆನಪಿನಲ್ಲಿ ಇರುತ್ತದೆ. ಈ ಸಂದಿ ನನ್ನದು, ಆ ಚಪ್ಪಟೆ ಕಲ್ಲಿನವರೆಗೂ ನನ್ನದು. ಕಲ್ಲಿನ ಜಾಗ ಬದಲಾದರೆ ಆ ಗುರುತು ಅಳಿಸುತ್ತದೆ, ಸ್ವಲ್ಪ ಹೊತ್ತಿಗಾದರೂ ಎಲ್ಲರೂ ಹೊಸಬರೇ. ಕಲ್ಲು ಜೋಡಿಸುವಾಗ ಒಂದು ನಿಯಮ ಮರೆಯಬಾರದು: ಪ್ರತಿ ಗುಹೆಗೂ ಎರಡು ಬಾಗಿಲು. ಒಂದೇ ಬಾಗಿಲಿನ ಸಂದಿಯಲ್ಲಿ ಹೊಕ್ಕ ಮೀನು ಸಿಕ್ಕಿಬಿದ್ದ ಹಾಗೆ. ನಡುವೆ ಒಂದು ಎತ್ತರದ ಗೋಡೆಯ ಹಾಗೆ ಕಲ್ಲು ನಿಲ್ಲಿಸಿದರೆ ಈಚೆಯ ಮೀನಿಗೆ ಆಚೆಯ ಮೀನು ಕಾಣುವುದಿಲ್ಲ. ಕಣ್ಣಿಗೆ ಬೀಳದೆ ಇರುವುದು ಆರು ಅಡಿಯಲ್ಲಿ ನಾವು ಕೊಡಬಹುದಾದ ಅತಿ ದೊಡ್ಡ ದೂರ. ಟ್ರಿಗರ್ ಮಲಗುವ ತೂತನ್ನು ಮಾತ್ರ ನಾನು ಮುಟ್ಟಲಿಲ್ಲ. ಜಗಳಕ್ಕೆ ಬರದವರ ಹಾಸಿಗೆ ಯಾಕೆ ಕೆಡಿಸಬೇಕು?

ಹಳಬರಿಗೆ ಹೊಟ್ಟೆತುಂಬ ಊಟ ಹಾಕಿ, ಲೈಟ್ ಆರಿಸಿ, ಕೋಣೆಯ ಮಂದ ಬೆಳಕಿನಲ್ಲಿ ಬಾಕ್ಸಿನ ಮುಚ್ಚಳ ತೆಗೆದು ಓರೆ ಮಾಡಿದೆ. ಸುರಿಯಬಾರದು, ಅದಾಗಿಯೇ ಹೊರಬರಲಿ. ಬಂದು, ಮೊದಲ ಸಂದಿಯಲ್ಲೇ ಸೇರಿಕೊಂಡಿತು.

ಮರುದಿನ ಬೆಳಗ್ಗೆ ಟ್ಯಾಂಗ್ ಬೆನ್ನಟ್ಟಿತು. ಬೆನ್ನಟ್ಟಲೇಬೇಕು, ಅದರಲ್ಲಿ ಗಾಬರಿ ಆಗುವಂಥದ್ದೇನೂ ಇಲ್ಲ. ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡಬೇಕು. ಗೋಡೆಯ ಕಲ್ಲು ದಾಟಿದ ಮೇಲೆ ಟ್ಯಾಂಗ್ ತಿರುಗಿ ಹೋಗುತ್ತಿತ್ತು. ಅಂದರೆ ಅದರ ಲೆಕ್ಕದಲ್ಲಿ ಗಡಿ ಅಲ್ಲಿತ್ತು, ಗಡಿಯಾಚೆ ಜಾಗವೂ ಇತ್ತು. ನೋರಿ ಕ್ಲಿಪ್ ಎರಡು ತುದಿಗೆ ಎರಡು ಹಾಕಿದೆ. ಫಾಕ್ಸ್‌ಫೇಸಿನ ಬಾಲದ ರೆಕ್ಕೆಯಲ್ಲಿ ಸಣ್ಣ ಸೀಳು ಕಾಣಿಸಿತು, ಅದು ವಾರದಲ್ಲಿ ಕೂಡಿಕೊಳ್ಳುತ್ತದೆ. ಮೀನು ನೀರಿನ ಮೇಲ್ಭಾಗದ ಮೂಲೆಯಲ್ಲಿ ನಿಂತುಬಿಟ್ಟರೆ, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದ್ದರೆ, ಊಟ ಬಿಟ್ಟರೆ, ಮೈಮೇಲೆ ಹುರುಪೆ ಎದ್ದ ಗಾಯ ಕಂಡರೆ ಕಾಯಬಾರದು. ಕೂಡಲೇ ಬೇರೆ ಮಾಡಬೇಕು. ಆಗಲೂ ಹೊಡೆಯುವ ಹಳೆಯದನ್ನೇ ತೆಗೆದು ಬಾಕ್ಸಿನಲ್ಲಿ ಇಡಿ, ಹೊಸದು ಜಾಗ ಕಂಡುಕೊಳ್ಳಲಿ. ಕೆಲವು ದಿನ ಬಿಟ್ಟು ಹಳೆಯದು ತಿರುಗಿ ಬಂದಾಗ ಅದೇ ಹೊಸಬ. ನಮ್ಮ ಟ್ಯಾಂಗಿಗೆ ಅಷ್ಟು ಬೇಕಾಗಲಿಲ್ಲ. ಈಗ ಎರಡೂ ಒಂದೇ ಕಲ್ಲಿನ ಪಾಚಿ ಕೆರೆಯುತ್ತವೆ, ಟ್ಯಾಂಗ್ ಬಂದರೆ ಫಾಕ್ಸ್‌ಫೇಸ್ ಸ್ವಲ್ಪ ಸರಿದು ಜಾಗ ಕೊಡುತ್ತದೆ.

"ಮೀನಿಗೂ ಇಷ್ಟ್ ಉಸಾಬರಿ ಬೇಕೇನ್ರಿ?" ಅಂತ ನೆರೆಯವರು ಕೇಳಿದ್ದರು. ಬೇಕು. ಅದು ತಾನಾಗಿ ಟಿಕೆಟ್ ತೆಗೆದುಕೊಂಡು ಬೆಳಗಾವಿಗೆ ಬಂದಿದ್ದಲ್ಲ.

ಬಾಕ್ಸ್ ಈಗ ಶಹಾಪುರದ ಗೆಳೆಯರೊಬ್ಬರ ಮನೆಯಲ್ಲಿದೆ. ಅವರದ್ದು ಮೂರಡಿ ಟ್ಯಾಂಕ್, ಅದರಲ್ಲಿ ಒಂಟಿ ಮರೂನ್ ಕ್ಲೌನ್ ಹೆಣ್ಣು. ಜೋಡಿ ಮಾಡಬೇಕು ಅನ್ನುವುದು ಅವರ ಆಸೆ. ಕ್ಲೌನ್‌ಗಳು ಹುಟ್ಟಾ ಗಂಡಾಗಿಯೇ ಇದ್ದು, ಗುಂಪಿನ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ತರುವ ಮರಿ ತೀರಾ ಚಿಕ್ಕದಿರಬೇಕು, ಸಾಕಣೆಯಲ್ಲಿ ಹುಟ್ಟಿದ್ದಾದರೆ ಇನ್ನೂ ಒಳ್ಳೆಯದು. ನಮ್ಮ ದೇಶದಲ್ಲಿ ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಚೆನ್ನಾಗಿ ಬೆಳೆಸಿದೆ. ಇಷ್ಟೆಲ್ಲ ಸರಿಯಿದ್ದರೂ ಮರೂನ್ ಹೆಣ್ಣು ಒಪ್ಪದೆ ಇರಬಹುದು, ಮೂರಡಿಯಲ್ಲಿ ಅದು ಮರಿಯನ್ನು ಕೊಂದುಹಾಕಬಹುದು. ಆ ಮಾತು ಅವರಿಗೆ ನೇರವಾಗಿಯೇ ಹೇಳಿದೆ. ಮರಿಗಾಗಿ ಬೇರೆ ಸಣ್ಣ ಟ್ಯಾಂಕ್ ಇಟ್ಟು, ನೀರು ತುಂಬಿ, ಫಿಲ್ಟರ್ ಓಡುತ್ತಿರುವ ವಿಡಿಯೋ ಕಳಿಸಿದ ಮೇಲೆ ಬಾಕ್ಸ್ ಕೊಟ್ಟು ಬಂದೆ.